ಅಪ್ಪ ಚಾರ್ಜ್ ಕೊಟ್ಟು ಬಂದ ದಿನ

ಮೇ 31ರ ಸಂಜೆ ಅಪ್ಪ ಮನೆಗೆ ಬಂದು, ಕೈಯಲ್ಲಿದ್ದ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವನ್ನೂ ಕಾಟಿನ ಮೇಲಿಟ್ಟು, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಫ್ಯಾನಿನ ಕೆಳಗೆ ಕೂತರು. "ಚಾರ್ಜ್ ಕೊಟ್ಟ ಬಂದೆ ಯವ್ವಾ" ಅಂದರು.

ಒಳಗೆ ಮೊಬೈಲ್ ಹಿಡಿದು ಕೂತಿದ್ದ ನನ್ನ ಮಗ, ಒಂಬತ್ತು ವರ್ಷದವನು, ಗಾಬರಿಯಾಗಿ ಓಡಿ ಬಂದ. "ಅಜ್ಜಾ, ಚಾರ್ಜರ್ ಯಾರಿಗೆ ಕೊಟ್ಟ ಬಂದಿ? ನಾಳೆ ಹೋಗಿ ಇಸ್ಕೊಂಡ ಬಾ. ಮನ್ಯಾಗ ಇರೋದ ಒಂದ ಐತಿ!"

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಪ್ಪನೂ ನಕ್ಕರು. ಆದರೆ ಆ ನಗು ಪೂರ್ತಿ ಇರಲಿಲ್ಲ. ಅದರ ಕಾರಣ ನನಗೆ ಗೊತ್ತಾಗಿದ್ದು ಎರಡು ತಿಂಗಳ ನಂತರ.

ನಾನು ಹುಬ್ಬಳ್ಳಿಯಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವಳು. ಇಂಗ್ಲಿಷ್ ಪಾಠ ಮಾಡುವವರಿಗೆಲ್ಲ ಒಂದು ಚಟ ಇರುತ್ತದೆ. ಒಂದು ಪದ ಕಿವಿಗೆ ಬಿದ್ದು ಅದಕ್ಕೆ ಎರಡು ಅರ್ಥ ಕಂಡರೆ, ಆ ರಾತ್ರಿ ನಿದ್ದೆ ಬರುವುದಿಲ್ಲ. ಅವತ್ತು ಮಲಗಿಕೊಂಡೇ ಎಣಿಸಿದೆ. ಬೆಳಿಗ್ಗೆ ಹುಬ್ಬಳ್ಳಿಯಿಂದ ಹಾವೇರಿಗೆ ಬರುವಾಗ ಬಸ್ ಚಾರ್ಜ್ ಕೊಟ್ಟಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಓದುತ್ತಿದ್ದ ಪೇಪರಿನಲ್ಲಿ ಯಾವುದೋ ಊರಿನ ಲಾಠಿ ಚಾರ್ಜ್ ಸುದ್ದಿ ಇತ್ತು, ಅದರ ಕೆಳಗೇ ಇನ್ಯಾರದೋ ಚಾರ್ಜ್‌ಶೀಟ್. ಬೀಳ್ಕೊಡುಗೆ ಸಮಾರಂಭದಲ್ಲಿ ಅಪ್ಪನ ಬಗ್ಗೆ ಮಾತಾಡಿದವರೆಲ್ಲ "ಇನ್‌ಚಾರ್ಜ್ ಸರ್ರು" ಅಂದಿದ್ದರು. ಪಕ್ಕದ ಮನೆಯ ಸೊಸೆ ಹೆರಿಗೆ ಮಾಡಿಕೊಂಡು ಡಿಸ್ಚಾರ್ಜ್ ಆಗಿ ಬಂದಿದ್ದಳು. ಮಗನ ಮೊಬೈಲ್ ಚಾರ್ಜಿಗಿತ್ತು, ನನ್ನದಕ್ಕೆ ರೀಚಾರ್ಜ್ ಮುಗಿದಿತ್ತು. ಒಂದೇ ದಿನ, ಒಂದೇ ಪದ, ಏಳೆಂಟು ವೇಷ. ಹಣ, ಹೊಡೆತ, ಆಪಾದನೆ, ಅಧಿಕಾರ, ಕರೆಂಟು, ಆಸ್ಪತ್ರೆ. ಇವಕ್ಕೂ ಇವಕ್ಕೂ ಏನು ಸಂಬಂಧ?

ಸಂಬಂಧ ಇದೆ. ಅದು ಒಂದು ಗಾಡಿ. ನಮ್ಮ ಚಕ್ಕಡಿಯಂಥದ್ದೇ ಗಾಡಿ ಅಂತ ಇಟ್ಟುಕೊಳ್ಳಿ.

ಈಗಿನ ಫ್ರಾನ್ಸ್ ಇರುವ ಕಡೆ ಎರಡು ಸಾವಿರ ವರ್ಷದ ಹಿಂದೆ ಗಾಲ್ ಜನ ಇದ್ದರು. ಅವರು ಸಾಮಾನು ಸಾಗಿಸುತ್ತಿದ್ದ ಗಾಡಿಗೆ ಇದ್ದ ಹೆಸರನ್ನು ರೋಮನ್ನರು ತಮ್ಮ ಲ್ಯಾಟಿನ್ನಿಗೆ 'ಕರ್ರುಸ್' ಎಂದು ತೆಗೆದುಕೊಂಡರು. ಜೂಲಿಯಸ್ ಸೀಸರ್ ಬರೆದ ಗಾಲ್ ಯುದ್ಧದ ಪುಸ್ತಕದಲ್ಲೂ ಈ ಗಾಡಿಗಳು ಬರುತ್ತವೆ. ಕ್ರಿಸ್ತಪೂರ್ವ 58ರಲ್ಲಿ ಹೆಲ್ವೇಶಿಯ ಜನ ತಮ್ಮ ಊರುಗಳಿಗೆ ತಾವೇ ಬೆಂಕಿ ಹಚ್ಚಿ, ಕಾಳುಕಡಿ ಗಾಡಿಗೇರಿಸಿ ಹೊರಟದ್ದನ್ನು ಆತ ಬರೆದಿದ್ದಾನೆ. ಕರ್ರುಸ್ ಗಾಡಿ ಆದ ಮೇಲೆ, ಅದರ ಮೇಲೆ ಹೇರು ಹೇರುವುದಕ್ಕೆ ಒಂದು ಕ್ರಿಯಾಪದ ಬೇಕಲ್ಲ? 'ಕರ್ರಿಕಾರೆ' ಬಂತು. ಅದು ಹಳೆಯ ಫ್ರೆಂಚಿನ ಬಾಯಿಗೆ ಬಿದ್ದು ಮೆತ್ತಗಾಗಿ 'ಶಾರ್ಜೆ'ಯ ಹತ್ತಿರದ ರೂಪಕ್ಕೆ ಬಂತು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು. 13ನೇ ಶತಮಾನದ ಹೊತ್ತಿಗೆ ಇದೂ ಬಂದು 'ಚಾರ್ಜ್' ಆಯಿತು. ಅರ್ಥ ಇಷ್ಟೇ: ಹೇರು. ಹೊರೆ ಹೊರಿಸು.

ಆ ಗಾಡಿಯ ವಂಶ ದೊಡ್ಡದು. ನಮ್ಮ ಮನೆ ಮುಂದೆ ನಿಲ್ಲುವ ಕಾರು ಅದೇ ಕರ್ರುಸ್‌ನ ಮೊಮ್ಮಗ. ಹೊತ್ತೊಯ್ಯುವ ಕ್ಯಾರಿ ಅದರದೇ. ಸ್ಪ್ಯಾನಿಷ್ ಕಡೆಯಿಂದ ಸುತ್ತಿ ಬಂದ ಕಾರ್ಗೋ ಅದರದೇ. ಇಟಲಿಯಲ್ಲಿ ಒಬ್ಬರ ಮೂಗನ್ನೋ ಗದ್ದವನ್ನೋ ಇದ್ದದ್ದಕ್ಕಿಂತ ಹೆಚ್ಚು 'ಹೇರಿ' ಬರೆದ ಚಿತ್ರಕ್ಕೆ ಕ್ಯಾರಿಕೇಚರ್ ಎಂದು ಹೆಸರು ಬಂತು, ಅದೂ ಅದರದೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಜೋಡಿ. ನಮ್ಮ ಕಡೆ ಮಕ್ಕಳ ಕೆರಿಯರ್ ಹಾಳಾಗುತ್ತದೆ ಅಂತ ಪಾಲಕರು ಒದ್ದಾಡುತ್ತಾರಲ್ಲ, ಆ ಕೆರಿಯರ್ ಅಂದರೆ ಮೂಲದಲ್ಲಿ ಗಾಡಿ ಓಡುವ ದಾರಿ. ಅಪ್ಪ ಇಪ್ಪತ್ತು ವರ್ಷ ಶಾಲೆಗೆ ಹೊಡೆದ ಅಟ್ಲಾಸ್ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಅಂದರೆ ಹೊರುವುದು. ಎರಡೂ ಒಂದೇ ಗಾಡಿಯಿಂದ ಇಳಿದವು. ಕನ್ನಡದ ಬಾಯಲ್ಲಿ ಎರಡರ ಉಚ್ಚಾರವೂ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಇನ್ನು ಮುಂದೆ ತಪ್ಪು ಅನ್ನಲಾರೆ!

ಅಪ್ಪನ ಆ ಸೈಕಲ್ ಕ್ಯಾರಿಯರಿನ ಮೇಲೆ ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಬಿಸಿಯೂಟದ ಎಣ್ಣೆ ಡಬ್ಬಿಯವರೆಗೆ ಏನೆಲ್ಲ ಬಂದಿದೆ. ಅವರು ವಿಜ್ಞಾನ, ಗಣಿತದ ಮೇಷ್ಟ್ರು. ಒಂಬತ್ತು ವರ್ಷದ ಹಿಂದೆ ಹೆಡ್‌ಮಾಸ್ತರು ವರ್ಗವಾಗಿ ಹೋದಾಗ, ಇದ್ದವರಲ್ಲಿ ಹಿರಿಯರು ಅಂತ ಅಪ್ಪನಿಗೆ ಒಂದು ಕಾಗದ ಬಂತು. 'ಮುಂದಿನ ಆದೇಶದವರೆಗೆ' ಶಾಲೆಯ ಪ್ರಭಾರ ವಹಿಸಿಕೊಳ್ಳತಕ್ಕದ್ದು. ಆ ಮುಂದಿನ ಆದೇಶ ಒಂಬತ್ತು ವರ್ಷ ಬರಲಿಲ್ಲ. ಅಪ್ಪ ನಿವೃತ್ತರಾದದ್ದು ಸಹಶಿಕ್ಷಕರಾಗಿಯೇ. ಸಂಬಳ ಸಹಶಿಕ್ಷಕರದು, ಸೀಲು ಮಾತ್ರ 'ಪ್ರಭಾರ ಮುಖ್ಯ ಶಿಕ್ಷಕರು'.

ಈ ಪ್ರಭಾರ ಎಂಬ ಪದವನ್ನು ನಾನು ಚಿಕ್ಕಂದಿನಿಂದ ಕಾಗದಗಳಲ್ಲಿ ನೋಡಿದ್ದೆ, ಒಳಗೆ ಏನಿದೆ ಅಂತ ಒಡೆದು ನೋಡಿರಲಿಲ್ಲ. ಅದರ ಹೊಟ್ಟೆಯಲ್ಲೇ ಭಾರ ಕೂತಿದೆ. ಕಾರ್ಯಭಾರ ಅನ್ನುತ್ತೇವೆ, ಅಲ್ಲೂ ಭಾರ. ಇಂಗ್ಲಿಷಿನವರು ಅಧಿಕಾರವನ್ನು ಹೇರು ಅಂದರೆ, ನಮ್ಮ ಕಚೇರಿ ಕನ್ನಡವೂ ಅದನ್ನು ಭಾರ ಅಂದಿದೆ. ಜನ ಮಾತ್ರ ಇದನ್ನು ಕುರ್ಚಿ ಅಂದುಕೊಳ್ಳುತ್ತಾರೆ. ಅಪ್ಪನ ಚಾರ್ಜಿನಲ್ಲಿ ಏನೇನಿತ್ತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕಿ ಮೂಟೆ ಎಣಿಸುವುದು, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರ, ಪುಸ್ತಕ, ಮಳೆಗೆ ಸೋರುವ ಕೋಣೆ, ಶೌಚಾಲಯದ ಕೀಲಿ, ಎಲೆಕ್ಷನ್ ಬಂದರೆ ಬೂತು. ಸಿಲಿಂಡರ್ ಮುಗಿದ ದಿನ ಅಡುಗೆಯವರು ಮೊದಲು ಫೋನ್ ಮಾಡುತ್ತಿದ್ದದ್ದು ಅಪ್ಪನಿಗೆ. ಇವೆಲ್ಲದರ ನಡುವೆ ಏಳನೇ ತರಗತಿಗೆ ಗಣಿತ.

ಇಂಗ್ಲಿಷಿನಲ್ಲಿ ಒಂದು ಸೊಗಸಿದೆ. ನೋಡಿಕೊಳ್ಳುವ ಹೊಣೆಗೆ ಮಾತ್ರ ಚಾರ್ಜ್ ಅನ್ನುವುದಿಲ್ಲ, ನಿಮ್ಮ ಹೊಣೆಯಲ್ಲಿರುವ ಮಗುವಿಗೂ ಚಾರ್ಜ್ ಅಂತಾರೆ. ಹಳೆಯ ಕಾದಂಬರಿಗಳಲ್ಲಿ ದಾದಿಯೊಬ್ಬಳು ತನ್ನ ಇಬ್ಬರು ಚಾರ್ಜ್‌ಗಳನ್ನು ಕರೆದುಕೊಂಡು ಪಾರ್ಕಿಗೆ ಹೋದಳು ಅಂತ ಬಂದರೆ, ಬ್ಯಾಟರಿ ಅಂದುಕೊಳ್ಳಬೇಡಿ, ಮಕ್ಕಳು. ಹಾಗೆ ನೋಡಿದರೆ ಅಪ್ಪನಿಗೆ ನೂರಾ ನಲವತ್ತು ಚಾರ್ಜ್ ಇದ್ದವು. ಅದೇ ಕಾಲದ ಕಾದಂಬರಿಗಳಲ್ಲಿ ಒಬ್ಬನನ್ನು 'ಚಾರ್ಜಿಗೆ ಕೊಡುವುದು' ಅಂದರೆ ಪೊಲೀಸರ ಕೈಗೆ ಒಪ್ಪಿಸುವುದು! ಅಪ್ಪನ "ಚಾರ್ಜ್ ಕೊಟ್ಟ ಬಂದೆ" ಎಂಬ ಮಾತನ್ನು ಆ ಕಾಲದ ಇಂಗ್ಲಿಷಿನವನು ಅರೆಬರೆ ಕೇಳಿಸಿಕೊಂಡಿದ್ದರೆ, ಯಾರನ್ನ ಹಿಡಿಸಿಕೊಟ್ರಿ ಅಂತ ಕೇಳುತ್ತಿದ್ದನೋ ಏನೋ.

ದುಡ್ಡಿನ ಚಾರ್ಜಿಗೆ ಬರೋಣ. ಇದು ಸಣ್ಣ ಜಿಗಿತ. ಒಬ್ಬರ ಮೇಲೆ ವೆಚ್ಚದ ಹೊರೆ ಹಾಕುವುದು, ಅಷ್ಟೇ. ಬಸ್ ಚಾರ್ಜ್, ಸರ್ವಿಸ್ ಚಾರ್ಜ್, ಬ್ಯಾಂಕಿನವರು ಹೇಳದೆ ಕೇಳದೆ ಕತ್ತರಿಸುವ ಚಾರ್ಜ್. ನಮ್ಮ ಖರ್ಚು ಇದರ ತಮ್ಮನ ಹಾಗೆ ಕೇಳಿಸುತ್ತದೆ, ಆದರೆ ರಕ್ತಸಂಬಂಧ ಇಲ್ಲ. ಖರ್ಚು ಬಂದದ್ದು ಅರಬ್ಬಿಯಿಂದ, ಪಾರಸಿಯ ಮೂಲಕ. ಪದಗಳ ವಿಷಯದಲ್ಲಿ ಮುಖ ನೋಡಿ ಅಣ್ಣತಮ್ಮ ಅನ್ನುವುದು ಅಪಾಯ.

ಹೊಲದ ಮೇಲಿನ ಚಾರ್ಜ್ ಬೇರೆ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ಅದರದು. ಸಾಲಕ್ಕೆ ಆಸ್ತಿಯನ್ನು ಭದ್ರತೆಯಾಗಿ ತೋರಿಸಿದ್ದೀರಿ, ಆದರೆ ಅಡವು ಇಟ್ಟಿಲ್ಲ, ಆಗ ಆಸ್ತಿಯ ಮೇಲೆ ಕೂರುವುದು ಚಾರ್ಜ್. ಇದನ್ನು ವಕೀಲರು ಹೇಳಿದರೆ ತಲೆಗೆ ಹೋಗುವುದಿಲ್ಲ. ನಮ್ಮ ಕಾಕಾ ಒಂದೇ ಮಾತಿನಲ್ಲಿ ಹೇಳುತ್ತಾರೆ: "ಪಹಣ್ಯಾಗ ಬೋಜಾ ಐತಿ." ಸೊಸೈಟಿ ಸಾಲ ತಗೊಂಡರೆ ಬೋಜಾ ಏರುತ್ತದೆ, ತೀರಿಸಿದರೆ ಬೋಜಾ ಇಳಿಯುತ್ತದೆ. ನಮ್ಮ ಉತ್ತರ ಕರ್ನಾಟಕದ ರೈತರ ಬಾಯಲ್ಲಿರುವ ಈ ಬೋಜಾ ಮರಾಠಿ ಕಡೆಯಿಂದ ಬಂದದ್ದು, ಅರ್ಥ ಮತ್ತೆ ಅದೇ, ಹೊರೆ. ಲ್ಯಾಟಿನ್ ಓದದ ಕಾಕಾ, ಚಾರ್ಜ್ ಪದಕ್ಕೆ ನಾನು ನಿಘಂಟಿನಲ್ಲಿ ಕಂಡದ್ದಕ್ಕಿಂತ ಒಳ್ಳೆಯ ಅನುವಾದ ಇಟ್ಟುಕೊಂಡಿದ್ದಾರೆ.

ಇನ್ನು ಹೊಡೆದಾಟದ ಚಾರ್ಜ್. ಗಾಡಿಗೆ ಹೇರುವ ಹಾಗೆ ಬಂದೂಕಿಗೂ ಮದ್ದು ತುಂಬಬೇಕಿತ್ತು. ಒಂದು ಸಲಕ್ಕೆ ತುಂಬುವ ಮದ್ದು ಒಂದು ಚಾರ್ಜ್. ಕುದುರೆ ಸವಾರ ಭಲ್ಲೆಯನ್ನು ಗುರಿಗೆ ಸರಿಯಾಗಿ ಹಿಡಿಯುವುದೂ ಚಾರ್ಜ್. ಹಿಡಿದ ಮೇಲೆ ಸುಮ್ಮನೆ ನಿಲ್ಲುತ್ತಾನೆಯೇ? ನುಗ್ಗುತ್ತಾನೆ. ಹಾಗೆ ನುಗ್ಗುವುದೇ ಚಾರ್ಜ್ ಆಯಿತು. 1854ರ ಅಕ್ಟೋಬರ್ 25ರಂದು ಕ್ರಿಮಿಯಾ ಯುದ್ಧದ ಬಾಲಕ್ಲಾವಾದಲ್ಲಿ, ಆದೇಶ ತಪ್ಪು ತಿಳಿದು ಬ್ರಿಟಿಷರ ಆರುನೂರಕ್ಕೂ ಹೆಚ್ಚು ಕುದುರೆ ಸವಾರರು ರಷ್ಯನ್ನರ ತೋಪುಗಳ ಎದುರಿಗೇ ನುಗ್ಗಿದರು. ಟೆನಿಸನ್ ಅದೇ ವರ್ಷ ಅದರ ಮೇಲೆ ಪದ್ಯ ಬರೆದ, 'ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್'. ಒಮ್ಮೆ ಕ್ಲಾಸಿನಲ್ಲಿ ಈ ಹೆಸರು ಬೋರ್ಡಿನ ಮೇಲೆ ಬರೆದು ಇದು ಯಾತರ ಬಗ್ಗೆ ಇರಬಹುದು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಲೈಟ್ ಚಾರ್ಜಿಗೆ ಹಾಕೋದರ ಬಗ್ಗೆ ಮೇಡಂ" ಅಂದ. ನಗಬಾರದಿತ್ತು, ನಕ್ಕೆ. ಅವನ ಊರಲ್ಲಿ ದಿನಾ ಸಂಜೆ ಕರೆಂಟ್ ಹೋಗುತ್ತಿತ್ತು, ಮನೆಯಲ್ಲಿ ಚಾರ್ಜಿಂಗ್ ಲೈಟೇ ಗತಿ. ಅವನ ಉತ್ತರದಲ್ಲಿ ತಪ್ಪೇನಿತ್ತು?

ನಮ್ಮ ಪೇಪರುಗಳು ಲಾಠಿ ಚಾರ್ಜನ್ನು 'ಲಘು ಲಾಠಿ ಪ್ರಹಾರ' ಎಂದು ಬರೆಯುವುದು ಏಕೋ ಕಾಣೆ. ಲಘುವೋ ಅಲ್ಲವೋ ಎಂಬುದನ್ನು ತಿಂದವರು ಹೇಳಬೇಕು.

ಆ ಹುಡುಗನ ಲೈಟಿಗೂ ಆ ತೋಪುಗಳಿಗೂ ನಿಜವಾಗಿ ನಂಟಿದೆ. ನಂಟು ಕಟ್ಟಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1740ರ ದಶಕದಲ್ಲಿ ವಿದ್ಯುತ್ತನ್ನು ಹಿಡಿದಿಡುವ ಒಂದು ಗಾಜಿನ ಜಾಡಿ ಯುರೋಪಿನಲ್ಲಿ ಹೊಸದಾಗಿ ಬಂದಿತ್ತು, ಲೈಡನ್ ಜಾಡಿ ಅಂತ. ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಕೂತು ಅದರ ಜೊತೆ ಆಟ ಆಡುತ್ತ, ಲಂಡನ್ನಿನ ಪೀಟರ್ ಕಾಲಿನ್ಸನ್ ಎಂಬುವವರಿಗೆ ಪತ್ರ ಬರೆಯುತ್ತಿದ್ದ. ಜಾಡಿಗೆ ವಿದ್ಯುತ್ ತುಂಬುವುದನ್ನು ಅವನು ಬಂದೂಕಿಗೆ ಮದ್ದು ತುಂಬುವ ಮಾತಿನಲ್ಲೇ ಹೇಳಿದ. ಚಾರ್ಜ್ ಮಾಡುವುದು, ಡಿಸ್ಚಾರ್ಜ್ ಮಾಡುವುದು. ಪ್ಲಸ್, ಮೈನಸ್ ಎಂಬ ಗುರುತು ಕೊಟ್ಟವನೂ ಅವನೇ. 1749ರಲ್ಲಿ ಹನ್ನೊಂದು ಗಾಜಿನ ಹಲಗೆಗಳನ್ನು ಸೀಸದ ತಗಡಿನ ಜೊತೆ ಸಾಲಾಗಿ ಜೋಡಿಸಿ ಅದಕ್ಕೆ 'ಎಲೆಕ್ಟ್ರಿಕಲ್ ಬ್ಯಾಟರಿ' ಎಂದು ಕರೆದ. ಬ್ಯಾಟರಿ ಎಂದರೆ ಅಲ್ಲಿಯವರೆಗೆ ಸಾಲಾಗಿ ನಿಲ್ಲಿಸಿದ ತೋಪುಗಳು. ಇನ್ನೂ ಹಿಂದೆ ಹೋದರೆ ಫ್ರೆಂಚಿನಲ್ಲಿ ಬಡಿಯುವುದು, ಹೊಡೆಯುವುದು. ಇಂಗ್ಲಿಷ್ ಕಾನೂನಿನಲ್ಲಿ ಈಗಲೂ ಒಬ್ಬನ ಮೈಮುಟ್ಟಿ ಹೊಡೆದರೆ ಅದು ಬ್ಯಾಟರಿ. ನಮ್ಮ ಹಳ್ಳಿಗಳಲ್ಲಿ ಕತ್ತಲಲ್ಲಿ ಹೊಲಕ್ಕೆ ಹೋಗುವಾಗ ಹಿಡಿಯುವ ಟಾರ್ಚೂ ಬ್ಯಾಟರಿ.

ಫ್ರಾಂಕ್ಲಿನ್ ಮಾಡಿಕೊಂಡ ಒಂದು ಫಜೀತಿಯನ್ನು ಬರೆಯದೆ ಬಿಡಲಾರೆ. 1750ರ ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಟರ್ಕಿ ಕೋಳಿಯನ್ನು ವಿದ್ಯುತ್ ಹಾಯಿಸಿ ಕೊಂದರೆ ಮಾಂಸ ಬಹಳ ಮೆತ್ತಗಾಗುತ್ತದೆ ಎಂಬುದು ಅವನ ನಂಬಿಕೆ. ಎರಡು ದೊಡ್ಡ ಜಾಡಿ ತುಂಬಿಸಿ ಇಟ್ಟಿದ್ದ. ಸುತ್ತ ನಿಂತವರ ಜೊತೆ ಮಾತಾಡುತ್ತ ಎಲ್ಲೋ ಕೈ ಇಟ್ಟ, ಕೋಳಿಗೆ ಹೋಗಬೇಕಾದದ್ದೆಲ್ಲ ಇವನ ಮೈಯಲ್ಲೇ ಹೋಯಿತು. ಬದುಕಿಕೊಂಡ. ನಾಚಿಕೆಪಡುತ್ತಲೇ ಅಣ್ಣನಿಗೆ ಪತ್ರ ಬರೆದ.

ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಈ ಚಾರ್ಜಿಗೆ ಏನನ್ನುತ್ತಾರೆ ನೆನಪಿದೆಯೇ? ಆವೇಶ. ಧನ ಆವೇಶ, ಋಣ ಆವೇಶ. ಅಪ್ಪ ಈ ಪಾಠ ಮಾಡಿದಾಗಲೆಲ್ಲ ಮಕ್ಕಳು ನಗುತ್ತಿದ್ದರಂತೆ. ಆವೇಶ ಅಂದರೆ ನಮ್ಮೂರಲ್ಲಿ ದ್ಯಾಮವ್ವ ಮೈಮೇಲೆ ಬರುವುದು. ಅಪ್ಪ ಅದನ್ನೇ ಹಿಡಿದುಕೊಂಡು ಪಾಠ ಮಾಡುತ್ತಿದ್ದರು. "ಕಣ್ಣಿಗೆ ಕಾಣಂಗಿಲ್ಲ, ಆದರ ಬಂದೈತಿ ಅಂತ ಗೊತ್ತಾಗತೈತಿ, ಹೌದಿಲ್ಲೋ? ಕೂದಲಿಗೆ ಬಾಚಣಿಕಿ ತಿಕ್ಕಿ ಕಾಗದದ ಚೂರಿನ ಹತ್ರ ಹಿಡೀರಿ, ದೇವ್ರು ಬರ್ತದ ನೋಡ್ರಿ." ಇಂಗ್ಲಿಷಿನಲ್ಲಿ ತುಂಬುವುದು, ಕನ್ನಡದಲ್ಲಿ ಒಳಹೊಗುವುದು. ನಿಜ ಹೇಳಬೇಕೆಂದರೆ ಮೊಬೈಲಿನ ಮಟ್ಟಿಗೆ 'ತುಂಬುವುದು' ಎಂಬ ಮಾತೇ ಸರಿಯಲ್ಲ. ಚಾರ್ಜಿಗೆ ಹಾಕಿದಾಗ ಬ್ಯಾಟರಿಯೊಳಕ್ಕೆ ಕರೆಂಟು ನೀರಿನ ಹಾಗೆ ಬಂದು ತುಂಬಿಕೊಳ್ಳುವುದಿಲ್ಲ. ಒಳಗಿರುವ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಕೂರುತ್ತವೆ. ಬಳಸಿದಾಗ ವಾಪಸ್ ಬರುತ್ತವೆ. ಚಾರ್ಜ್ ಆದ ಬ್ಯಾಟರಿಯಲ್ಲೂ ಆಗದ ಬ್ಯಾಟರಿಯಲ್ಲೂ ಒಟ್ಟು ವಿದ್ಯುದಾವೇಶ ಅಷ್ಟೇ ಇರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೂ ಅಪ್ಪನೇ.

ಬ್ಯಾಟರಿಯ ಮಾತನ್ನು ಇಷ್ಟು ಎಳೆದದ್ದಕ್ಕೆ ಕಾರಣ ಇದೆ.

ಮೇ 31ರಂದು ಅಪ್ಪ ಚಾರ್ಜ್ ಕೊಡಬೇಕಾದದ್ದು ಒಬ್ಬ ಶಿಕ್ಷಕಿಗೆ. ಮೂವತ್ತೈದು ವರ್ಷ ಇರಬಹುದು, ಅಪ್ಪನ ನಂತರ ಸೀನಿಯರ್ ಅವರೇ. ಚಾರ್ಜ್ ಲಿಸ್ಟ್ ಹಿಡಿದು ಒಂದೊಂದೇ ಸಾಮಾನು ನೋಡಿ ಟಿಕ್ ಹಾಕುತ್ತ ಬಂದರಂತೆ. ಬೆಂಚು, ಕಪಾಟು, ಗ್ಲೋಬು, ತೂಕದ ಯಂತ್ರ, ಕುಕ್ಕರು. ಕಂಪ್ಯೂಟರ್ ಕೋಣೆಗೆ ಬಂದಾಗ ರಿಜಿಸ್ಟರಿನಲ್ಲಿ ಯುಪಿಎಸ್ ಬ್ಯಾಟರಿ ನಾಲ್ಕು, ಕೋಣೆಯಲ್ಲಿ ಎರಡು.

ಮೂರು ವರ್ಷದ ಹಿಂದೆ ಅವುಗಳಲ್ಲಿ ಎರಡು ಸತ್ತು ಹೋಗಿದ್ದವು. ಎಷ್ಟು ಹೊತ್ತು ಹಾಕಿದರೂ ಚಾರ್ಜ್ ನಿಲ್ಲುತ್ತಿರಲಿಲ್ಲ. ಆಸಿಡ್ ಸೋರಿ ಮಕ್ಕಳು ಮುಟ್ಟಿಬಿಟ್ಟಾರು ಅಂತ ಅಪ್ಪ ಅವನ್ನು ಗುಜರಿಯವನಿಗೆ ಹಾಕಿಸಿ, ಬಂದ ದುಡ್ಡಿನಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಪೈಪು ರಿಪೇರಿ ಮಾಡಿಸಿದ್ದರು. ಪೈಪಿನ ರಸೀದಿ ಇದೆ. ಆದರೆ ಬ್ಯಾಟರಿ ನಿರುಪಯುಕ್ತ ಅಂತ ಮೇಲಿನವರಿಗೆ ಬರೆದು, ಒಪ್ಪಿಗೆ ತಗೊಂಡು, ಪಟ್ಟಿಯಿಂದ ಕೈಬಿಡಿಸಿರಲಿಲ್ಲ. ಇವತ್ತು ಬರೆದರಾಯಿತು, ನಾಳೆ ಬರೆದರಾಯಿತು.

"ಸರ್, ತಪ್ಪ ತಿಳ್ಕೋಬ್ಯಾಡ್ರಿ. ನಾಲ್ಕ ಅದಾವ ಅಂತ ಸಹಿ ಮಾಡಿದ್ರ ನಾಳೆ ನನ್ನ ಮ್ಯಾಲ ಬರ್ತದ" ಅಂದರಂತೆ ಆ ಮೇಡಂ. ಎರಡು ಕಡಿಮೆ ಅಂತ ನಮೂದಿಸಿ ಸಹಿ ಮಾಡಿದರು. ಹೊರಗೆ ಶಾಮಿಯಾನದಲ್ಲಿ ಬೀಳ್ಕೊಡುಗೆಗೆ ಮೈಕ್ ಟೆಸ್ಟ್ ನಡೆದಿತ್ತು. ಅಪ್ಪ ಹಾರ ಹಾಕಿಸಿಕೊಂಡು ಬಂದರು.

ಜುಲೈ ಕೊನೆಯಲ್ಲಿ ನೋಟಿಸ್ ಬಂತು. ಎರಡು ಬ್ಯಾಟರಿ ಕೊರತೆಗೆ ನಿಮ್ಮನ್ನೇಕೆ ಹೊಣೆ ಮಾಡಬಾರದು, ಏಳು ದಿನದಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು. ಬೇಬಾಕಿ ಪ್ರಮಾಣಪತ್ರ ತಡೆ. ಅದಿಲ್ಲದೆ ಗ್ರ್ಯಾಚುಯಿಟಿ ಇಲ್ಲ. ನಾನು ಊರಿಗೆ ಹೋದಾಗ ಅಪ್ಪ ಆ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು, ಅವ್ವನಿಗೆ ಕಾಣಬಾರದು ಅಂತ. ಅವ್ವನಿಗೆ ಬಂದ ದಿನವೇ ಗೊತ್ತಾಗಿತ್ತು.

ಚಾರ್ಜಿನ ಕೊನೆಯ ವೇಷ ನನಗೆ ಕಂಡದ್ದು ಆಗ. ಆಪಾದನೆ. ಇಂಗ್ಲಿಷಿಗೆ ಈ ಅರ್ಥ ಸುಮಾರು 15ನೇ ಶತಮಾನದ ಹೊತ್ತಿಗೆ ಬಂತು, ಒಬ್ಬನ ಮೇಲೆ ತಪ್ಪನ್ನು ಹೇರುವುದು. ನಾವೇನು ಕಡಿಮೆಯೇ? ಕನ್ನಡದಲ್ಲಿ ಆರೋಪ ಮಾಡುತ್ತೇವೆ, ಅದಕ್ಕಿಂತ ಹೆಚ್ಚಾಗಿ ಆರೋಪ 'ಹೊರಿಸುತ್ತೇವೆ'. ಆರೋಪ ಎಂಬ ಸಂಸ್ಕೃತ ಪದದ ಬುಡದಲ್ಲೂ ಮೇಲೇರಿಸುವುದು, ಮೇಲಿಡುವುದು ಎಂಬ ಅರ್ಥವೇ ಇದೆ. ಲ್ಯಾಟಿನ್ನಿನವರು ನಮ್ಮನ್ನು ಕೇಳಲಿಲ್ಲ, ನಾವು ಅವರನ್ನು ಕೇಳಲಿಲ್ಲ. ಇಬ್ಬರೂ ಗಾಡಿಗೆ ಹೇರು ಹೇರಿದವರು, ಇಬ್ಬರಿಗೂ ಅದೇ ಮಾತು ಹೊಳೆಯಿತು.

ಕೋರ್ಟಿನ ವ್ಯವಹಾರದಲ್ಲಿ ಜನ ಸಾಮಾನ್ಯವಾಗಿ ಗೊಂದಲ ಮಾಡಿಕೊಳ್ಳುವ ಒಂದು ಸಂಗತಿ ಇದೆ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವ ವರದಿಗೆ ಚಾರ್ಜ್‌ಶೀಟ್ ಎನ್ನುತ್ತೇವೆ. ಅಷ್ಟಕ್ಕೇ ಆ ಮನುಷ್ಯನ ಮೇಲೆ ಕೋರ್ಟಿನ ಲೆಕ್ಕದಲ್ಲಿ ಚಾರ್ಜ್ ಕೂತಿತು ಅಂತಲ್ಲ. ಅದನ್ನು ಓದಿ, ಇಂಥಿಂಥ ಆರೋಪಕ್ಕೆ ವಿಚಾರಣೆ ನಡೆಸಬಹುದು ಎಂದು ನಿಗದಿ ಮಾಡುವುದು ನ್ಯಾಯಾಧೀಶರು. ಆಧಾರ ಸಾಲದು ಎಂದಾದರೆ ವಿಚಾರಣೆಗೆ ಮೊದಲೇ ಹೆಸರು ಕೈಬಿಡುತ್ತಾರೆ. ಅದಕ್ಕೆ ಡಿಸ್ಚಾರ್ಜ್ ಎನ್ನುತ್ತಾರೆ. ವಿಚಾರಣೆ ಪೂರ್ತಿ ನಡೆದು ಬಿಡುಗಡೆಯಾದರೆ ಅದು ಖುಲಾಸೆ, ಬೇರೆ. ಅಪ್ಪನದು ಕೋರ್ಟಿನವರೆಗೆ ಹೋಗುವ ಸಂಗತಿಯೇ ಅಲ್ಲ. ಆದರೂ ಮೂವತ್ತೆಂಟು ವರ್ಷ ಸರ್ವಿಸಿನಲ್ಲಿ ಒಂದು ಮೆಮೊ ತಗೊಳ್ಳದ ಮನುಷ್ಯನಿಗೆ ಆ ಏಳು ಸಾಲು ಚಾರ್ಜ್‌ಶೀಟೇ ಆಗಿತ್ತು.

ನನಗೆ ಸಿಟ್ಟು ಬಂತು. "ಒಂಬತ್ತ ವರ್ಷ ಬಿಟ್ಟಿ ದುಡಿಸ್ಕೊಂಡಾರ, ಈಗ ಗುಜರಿ ಬ್ಯಾಟರಿಗೆ ನೋಟಿಸ್ ಕೊಡ್ತಾರೇನ? ಆ ಮೇಡಂಗರ ಸಹಿ ಮಾಡಾಕ ಏನಾಗಿತ್ತು?" ಅಂತ ಕೂಗಾಡಿದೆ.

ಅಪ್ಪ ಚಹಾ ಬಸಿ ಕೆಳಗಿಟ್ಟರು. "ಆ ಹುಡುಗೀದ ಏನ ತಪ್ಪೈತಿ? ಇಲ್ಲದ್ದನ್ನ ಐತಿ ಅಂತ ಬರಿಯಂದ್ರ ಹೆಂಗ ಬರೀಬೇಕ ಅಕಿ? ಬರಿಬೇಕಾದಂವ ನಾನ, ಬರೀಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಜವಾಬ್ದಾರಿ ಅಂತೀವಲ್ಲ, ಜವಾಬ ಕೊಡಾಂವ ಅಂತ ಅದರರ್ಥ. ಕೇಳ್ಯಾರ, ಕೊಡೂಣು" ಅಂದರು.

ಅದು ನಿಜ. ಜವಾಬು ಎಂದರೆ ಉತ್ತರ. ಭಾರ, ಬೋಜಾ, ಹೊರೆ, ಚಾರ್ಜ್ ಎಲ್ಲವೂ ಬೆನ್ನಿನ ಮೇಲಿನ ಪದಗಳಾದರೆ, ಇದೊಂದು ಬಾಯಿಯ ಪದ. ನಾನು ಇಷ್ಟು ವರ್ಷ ಪಾಠ ಮಾಡಿ ಇದನ್ನು ಗಮನಿಸಿರಲಿಲ್ಲ. ಹಾಗಂತ ನನ್ನ ಸಿಟ್ಟು ಇಳಿಯಲಿಲ್ಲ. ಭಾರ ಹೊರಿಸಿದವರೂ ಒಮ್ಮೆ ಜವಾಬು ಕೊಡಬೇಕಲ್ಲವೇ? ಒಂಬತ್ತು ವರ್ಷ 'ಮುಂದಿನ ಆದೇಶ' ಯಾಕೆ ಬರಲಿಲ್ಲ ಎಂದು ಕೇಳಿ ನೋಟಿಸ್ ಕೊಡುವ ಕಾಗದ ಯಾವ ಕಚೇರಿಯಲ್ಲೂ ಅಚ್ಚಾಗುವುದಿಲ್ಲ.

ಅಪ್ಪ ಮೂರು ಪುಟ ಜವಾಬು ಬರೆದರು. ಪೈಪಿನ ರಸೀದಿ ಲಗತ್ತಿಸಿದರು. ಅದನ್ನು ಒಪ್ಪಲಿಲ್ಲ. ಕೊನೆಗೆ ಹಾವೇರಿಗೆ ಹೋಗಿ ಹದಿನೆಂಟು ಸಾವಿರ ಕೊಟ್ಟು ಎರಡು ಹೊಸ ಬ್ಯಾಟರಿ ತಂದು ಶಾಲೆಗೆ ಕೊಟ್ಟರು. ಅಟೋದಿಂದ ಇಳಿಸಿಕೊಳ್ಳಲು ಏಳನೇ ತರಗತಿಯ ಹುಡುಗರು ಓಡಿ ಬಂದರಂತೆ. "ಬ್ಯಾಡ್ರೋ, ವಜ್ಜಿ ಐತಿ" ಅಂತ ಅಪ್ಪ ತಾವೇ ಎತ್ತಿಕೊಂಡರು. ಬೇಬಾಕಿ ಪತ್ರ ಬಂದದ್ದು ನವೆಂಬರಿನಲ್ಲಿ.

ಈ ನಡುವೆ ಅಕ್ಟೋಬರಿನಲ್ಲಿ ಬಿಪಿ ಏರಿ ತಲೆ ಸುತ್ತಿ ಬಿದ್ದರು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮೂರು ದಿನ. ಡಿಸ್ಚಾರ್ಜ್ ಅಂತ ಬೆಳಿಗ್ಗೆ ಒಂಬತ್ತಕ್ಕೆ ಹೇಳಿದರು, ಕಾಗದ ಕೈಗೆ ಸಿಕ್ಕಾಗ ಸಂಜೆ ಐದು. ನೀವೂ ಅನುಭವಿಸಿರುತ್ತೀರಿ. ಬಿಲ್ಲು, ಇನ್ಶೂರೆನ್ಸ್, ಮೆಡಿಸಿನ್ ವಾಪಸು, ಮತ್ತೆ ಬಿಲ್ಲು. ಬೆಡ್ ಚಾರ್ಜ್, ನರ್ಸಿಂಗ್ ಚಾರ್ಜ್, ಇನ್ನೂ ಏನೇನೋ ಚಾರ್ಜ್ ಕಟ್ಟಿದ ಮೇಲಷ್ಟೇ ಡಿಸ್ಚಾರ್ಜ್. ಅಪ್ಪ ಅಂಗಿ ಹಾಕಿಕೊಂಡು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತವರು ನನ್ನನ್ನು ಕೇಳಿದರು, "ಬ್ಯಾಟರಿ ಡಿಸ್ಚಾರ್ಜ್ ಆದ್ರ ಖಾಲಿ ಆತು ಅಂತೀವಿ. ಮನಷ್ಯಾ ಡಿಸ್ಚಾರ್ಜ್ ಆದ್ರ ಚಲೋ ಆತು ಅಂತೀವಿ. ಇದೆಂಥಾ ಲೆಕ್ಕವಾ?"

ಡಿಸ್ಚಾರ್ಜ್ ಅಂದರೆ ಹೇರು ಇಳಿಸುವುದು ಅಪ್ಪಾ, ಅಂದೆ. ಹಡಗಿನಿಂದ ಸರಕು ಇಳಿಸಿದರೂ ಅದೇ, ಗುಂಡು ಹಾರಿಸಿ ಬಂದೂಕು ಖಾಲಿಯಾದರೂ ಅದೇ, ಸಿಪಾಯಿಯನ್ನು ಸೇವೆಯಿಂದ ಬಿಡಿಸಿದರೂ ಅದೇ. ಆಸ್ಪತ್ರೆಯವರ ಹೊಣೆಯಿಂದ ಇಳಿದಿ, ಇನ್ನ ನೀ ನಮ್ಮ ಚಾರ್ಜು.

"ಹಂಗಾರ ನಿನಗ ಚಾರ್ಜ್ ಕೊಟ್ಟಾರ" ಅಂದರು. "ಲಿಸ್ಟ್ ನೋಡಿ ಸಹಿ ಮಾಡವಾ. ಏನರ ಕಡಿಮಿ ಐತೇನ ನೋಡ್ಕೋ ಮೊದಲ."

ಕಳೆದ ವಾರ ಮತ್ತೆ ಊರಿಗೆ ಹೋಗಿದ್ದೆ. ಸಂಜೆ ಏಳರ ಹೊತ್ತು, ಅಪ್ಪ ಗೋಡೆಗೆ ಅಂಟಿಕೊಂಡ ಹಾಗೆ ಸ್ವಿಚ್ ಬೋರ್ಡಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಆ ಮೇಡಂದೇ ಫೋನು. ಅವರಿಗೂ ಬಂದ ಕಾಗದದಲ್ಲಿ 'ಮುಂದಿನ ಆದೇಶದವರೆಗೆ' ಅಂತಲೇ ಇದೆಯಂತೆ. ಯಾವುದೋ ತಪಾಸಣೆ ಬರುವುದಿತ್ತು, ಹಳೆಯ ದಾಸ್ತಾನು ಪುಸ್ತಕ ಸಿಗುತ್ತಿರಲಿಲ್ಲ.

"ಎಡಗಡೆ ಕಪಾಟಿನ ಕೆಳಗಿನ ಖಾನೆದಾಗ ನೋಡ್ರಿ. ಕೆಂಪ ರಟ್ಟಿಂದು. ಹಾಂ, ಅದ. ಅದರಾಗ ಮುರದ ಬೆಂಚ ಆರು ಅದಾವ, ಅವನ್ನ ಇವತ್ತ ಬರ್ದ ಕಳಿಸಿಬಿಡ್ರಿ ಮೇಲಿನವರಿಗೆ. ನಾಳೆ ಅನಬ್ಯಾಡ್ರಿ."

ನನ್ನ ಮಗ ಚಾಪೆಯ ಮೇಲೆ ಕೂತು ತನ್ನ ಸರದಿಗೆ ಕಾಯುತ್ತಿದ್ದ. ಅಪ್ಪನ ಫೋನಿನಲ್ಲಿ ನಾಲ್ಕು ಪರ್ಸೆಂಟ್ ಇತ್ತು, ವೈರು ಗಿಡ್ಡ. ಕೂತು ಮಾತಾಡೋ ಹಂಗಿಲ್ಲ. ಅರ್ಧ ತಾಸು ಹಾಗೇ ನಿಂತು ಮಾತಾಡಿದರು.